ಇಲ್ಲೇ

"ಮೌನಾ?"

"ಇಲ್ಲೇ," ಎಂದು ಅವಳು ಕೈಯೆತ್ತಿದಳು.

ಮದರಾಸಿನ ಕ್ರೋಂಪೇಟೆಯ ಯುವ ಶಿಬಿರದ ಹಾಲ್ ಪೂರ್ತಿ ನಕ್ಕಿತು. ತಮಿಳಿನಲ್ಲಿ 'ಇಲ್ಲೆ' ಎಂದರೆ ಇಲ್ಲ. "ಅಪ್ಪೋ ಪೇಸರದು ಪೇಯಾ?" ಹಾಗಾದರೆ ಮಾತಾಡುತ್ತಿರುವುದು ದೆವ್ವವಾ ಎನ್ನುತ್ತಾ ಹಾಜರಿ ಕೂಗುತ್ತಿದ್ದ ಸೆಲ್ವಿ ಅಕ್ಕನೂ ನಕ್ಕಳು.

ಇವತ್ತೂ ಯಾರೂ ಜೊತೆಗೆ ಸೇರಿಸಿಕೊಳ್ಳದಿದ್ದರೆ ನಾಳೆಯಿಂದ ಹೋಗುವುದಿಲ್ಲ ಎಂದು ಮೌನ ಅಮ್ಮನಿಗೆ ಹೇಳಿ ಬಂದಿದ್ದಳು. ಎತ್ತಿದ ಕೈ ಇಳಿಸುವುದು ಮರೆತುಹೋಯಿತು. ಕಿಟಕಿಯ ಬಿಸಿಲಿನಲ್ಲಿ ಬೆರಳುಗಳು ತೆಳ್ಳಗಾಗಿ, ಅವುಗಳ ಮೂಲಕವೇ ಆಚೆಯ ಗೋಡೆ ಕಾಣುತ್ತಿದೆ ಎನಿಸಿತು. ಹೊರಗೆ ಹೋದ ಲೋಕಲ್ ರೈಲಿನ ಸದ್ದು ನೀರೊಳಗಿಂದ ಬಂದಂತೆ ಕೇಳಿಸಿತು.

"ಸುಜಯೀಂದ್ರ?"

ಮದರಾಸಿನಲ್ಲೇ ಹುಟ್ಟಿದ ಸುಜಯೀಂದ್ರ ತನ್ನ ಮನೆಮಾತು ಕನ್ನಡವೆಂದು ಶಿಬಿರದಲ್ಲಿ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಮೌನಳತ್ತ ನೋಡದೆಯೇ ಅವನು ಕೈಯೆತ್ತಿದ.

"ನಾನೂ ಇಲ್ಲೇ, ಅಕ್ಕಾ."