ಬೇವಿನ ಮರದಾಚೆಗೆ ಮುಟ್ಟಿದ ಹಗ್ಗ

ಬೂದಿಗಟ್ಟಿ ಪಟ್ಟಣದಲ್ಲಿ ಭೂಮಿಯ ಸೆಳೆತ ಆಗಾಗ ಸಡಿಲುವುದು ಹೊಸತೇನಲ್ಲ. ಗಂಟೆ ಬಾರಿಸಿದೊಡನೆ ಜನ ಕಿಟಕಿಯ ಸರಳು ಹಿಡಿದು ನಿಲ್ಲುತ್ತಾರೆ. ಮೇಲೆ ತೇಲಿದವರನ್ನು ಸ್ವಯಂಸೇವಕರು ಹಗ್ಗ ಎಸೆದು ಇಳಿಸುತ್ತಾರೆ. ಸೀರೆ ನೇಯುವ ಕಾಶವ್ವ ಅವರಲ್ಲೊಬ್ಬಳು.

ಆ ಮಧ್ಯಾಹ್ನ ತೇಲಿದ್ದು ಅವಳ ಅತ್ತೆ ನೀಲವ್ವ. ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದವಳಿಗೆ ಗಂಟೆ ಕೇಳಿಸಲಿಲ್ಲ. ಬೇವಿನ ಮರವನ್ನೂ ದಾಟಿ ಏರಿಬಿಟ್ಟಿದ್ದಳು. ಕೈಯಿಂದ ಎಸೆಯುವ ಹಗ್ಗ ಅಷ್ಟೆತ್ತರ ಮುಟ್ಟದು. ಹೋದ ವರ್ಷ ಹಾಗೆಯೇ ಒಬ್ಬರು ಮುಗಿಲು ಸೇರಿದ್ದರು. ಅಂದಿನಿಂದ ಕಾಶವ್ವ ಪಟ್ಟಣ ಪಂಚಾಯ್ತಿಗೆ ಅಲೆದಲೆದ ಮೇಲೆ, ಹಗ್ಗ ಹಾರಿಸುವ ಯಂತ್ರ ಆ ವಾರವಷ್ಟೇ ಬಂದಿತ್ತು.

ಕಾಶವ್ವನೂ ಪಂಚಾಯ್ತಿ ಅಧ್ಯಕ್ಷ ಬಸಲಿಂಗಪ್ಪನವರೂ ಕಲ್ಲುಗಂಬಕ್ಕೆ ತಮ್ಮನ್ನು ಕಟ್ಟಿಕೊಂಡು ಯಂತ್ರ ಎತ್ತಿ ಹಿಡಿದರು.

“ಅತ್ತೀ, ಸೊಂಟಕ್ಕ ಸುತ್ಕೋರಿ!”

ಮೊದಲ ಸಲ ಗಾಳಿ ಹಗ್ಗವನ್ನು ಪಕ್ಕಕ್ಕೆ ತಳ್ಳಿತು. ಕಾಶವ್ವ ಅದನ್ನು ಸರಸರನೆ ಎಳೆದು ಮತ್ತೆ ಯಂತ್ರಕ್ಕೆ ಸುತ್ತಿದಳು.

“ಅಂಜಬ್ಯಾಡವಾ, ಇನ್ನೊಮ್ಮೆ ಬಿಡು” ಎಂದರು ಅಧ್ಯಕ್ಷರು.

ಈ ಸಲ ನೀಲವ್ವ ಹಿಡಿದಳು. ರುಮಾಲು ಹಾರಿಹೋದದ್ದನ್ನೂ ಲೆಕ್ಕಿಸದೆ ಅಧ್ಯಕ್ಷರು ಎಳೆದರು. ಅತ್ತೆಯ ಪಾದ ನೆಲಕ್ಕೆ ತಾಗುತ್ತಲೇ ಕಾಶವ್ವ ಅವಳನ್ನು ಅವುಚಿಕೊಂಡು ಅತ್ತುಬಿಟ್ಟಳು.

ನೀಲವ್ವ ಸೊಸೆಯ ತಲೆ ಸವರಿದಳು. “ಮ್ಯಾಲಿಂದ ಊರು ಭಾಳ ಚಂದ ಕಾಣತೈತಿ ನೋಡವಾ. ಆದ್ರ ಅಲ್ಲಿ ಮಾತಾಡಾಕ ಯಾರೂ ಇಲ್ಲ.”