ನಿಂತ ಸಾಲು

"ಗಾಡಿ ಹೊರಡ್ತಾನೇ ಇಲ್ಲ ಕಣಮ್ಮ," ಎಂದಳು ರೇಡಿಯೋ ಅಕ್ಕ, ರಿಸೀವರನ್ನು ಅಂಗೈಯಿಂದ ಮುಚ್ಚಿ. ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಹದಿನಾರು ವರ್ಷಗಳಿಂದ ಕರೆ ತೆಗೆದುಕೊಳ್ಳುತ್ತಿದ್ದ ಆಕೆಯ ಬಾಯಿಗೆ ಶಿಫ್ಟ್ ಮುಗಿಯುವವರೆಗೂ ಬಿಡುವಿಲ್ಲದ್ದರಿಂದ ಎಲ್ಲರೂ ಇಟ್ಟ ಹೆಸರು ಅದು. ಅವಳ ಪರದೆಯ ಮೇಲೆ 'ಗಾಡಿ ಹುಡುಕಲಾಗುತ್ತಿದೆ' ಎಂಬುದನ್ನು ಬಿಟ್ಟು ಬೇರೇನೂ ಇರಲಿಲ್ಲ. "ಎಲ್ಲಾ ಗಾಡಿಗಳೂ ಹೊರಗಿದಾವೇನೋ ಅಂದ್ಕೊಂಡು ಸುಮ್ನಿದ್ದೆ. ಮೂರು ನಿಮಿಷ ಆಯ್ತು. ಇಷ್ಟು ಹೊತ್ತು ಯಾವತ್ತೂ ಹುಡುಕಿದ್ದಿಲ್ಲ."

ಪ್ರೋಗ್ರಾಮರ್ ದಡಬಡಿಸಿ ಎದ್ದಳು. ಒಂದೇ ಗಾಡಿಯನ್ನು ಒಮ್ಮೊಮ್ಮೆ ಎರಡು ಮನೆಗಳಿಗೆ ಕಳಿಸಿಬಿಡುವ ತಪ್ಪೊಂದು ಪ್ರೋಗ್ರಾಮಿನಲ್ಲಿ ಎಲ್ಲೋ ಅಡಗಿತ್ತು. ಅದನ್ನು ಹಿಡಿಯಲೆಂದು ಬೆಳಗ್ಗೆಯಿಂದ ಅದೇ ಕೋಣೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದಳು. ಈಗ ಬಂದು ಮೇಜಿನಡಿ ಬಗ್ಗಿ ಕೇಬಲ್ ಒತ್ತಿ ನೋಡಿದಳು. ಪಕ್ಕದ ಮೇಜಿನ ಪರದೆ ನೋಡಿದಳು. ಅಲ್ಲೂ ಅದೇ ಸಾಲು.

"ಉಸಿರಾಡ್ತಿದ್ದಾರಾ ಸರ್? ಪಕ್ಕಕ್ಕೆ ಹೊರಳಿಸಿ ಮಲಗಿಸಿ. ನೀರು ಕುಡಿಸ್ಬೇಡಿ," ಎನ್ನುತ್ತಿದ್ದಳು ಅಕ್ಕ ಫೋನಿನಲ್ಲಿ. ಮೇಲ್ವಿಚಾರಕರು ತಮ್ಮ ಗಾಜಿನ ಕೋಣೆಯಿಂದ ಓಡಿಬಂದರು. "ಏನಾಯ್ತು? ನೆಟ್‌ವರ್ಕಾ?" "ಇರ್ಬೇಕು ಸರ್," ಎಂದು ಪ್ರೋಗ್ರಾಮರ್ ಅಕ್ಕನ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದಳು. ಅದು ಎದ್ದು ಕೂರಲು ಇನ್ನೆರಡು ನಿಮಿಷ ಹಿಡಿಯಿತು. ಎದ್ದ ಮೇಲೂ ಅದೇ ಸಾಲು. ಸರ್ವರಿನಲ್ಲಿ ಏನಾಗಿದೆಯೋ ನೋಡೋಣವೆಂದು ತನ್ನ ಲ್ಯಾಪ್‌ಟಾಪಿನತ್ತ ಓಡಿದಳು.

ಅಲ್ಲಿ, ಅವಳೇ ಹತ್ತು ಗಂಟೆಗೆ ಕೆಂಪು ಚುಕ್ಕೆ ಇಟ್ಟಿದ್ದ ಸಾಲಿನ ಮೇಲೆ ಹಳದಿ ಪಟ್ಟಿ ಬಿದ್ದಿತ್ತು. ಚುಕ್ಕೆ ಇಟ್ಟ ಕಡೆ ಪ್ರೋಗ್ರಾಂ ನಿಲ್ಲುತ್ತದೆ. ನೋಡುವವರು ಒಳಗಿರುವುದನ್ನೆಲ್ಲ ನಿಧಾನವಾಗಿ ನೋಡಿ, ಮುಂದೆ ಹೋಗು ಎಂದ ಮೇಲೆಯೇ ಹೋಗುತ್ತದೆ. ಪರೀಕ್ಷೆಗೆಂದು ಮಾಡಿದ ನಕಲಿನಲ್ಲಿ ಅದನ್ನು ಎಷ್ಟು ಹೊತ್ತು ನಿಲ್ಲಿಸಿದರೂ ಯಾರಿಗೂ ನಷ್ಟವಿಲ್ಲ. ಆ ನಕಲಿನ ರೋಗಿಗಳೆಲ್ಲ ಅವಳೇ ಸೃಷ್ಟಿಸಿದವರು. ಎಲ್ಲರಿಗೂ ನೂರು ವರ್ಷ, ಎಲ್ಲರಿಗೂ ಹಲ್ಲುನೋವು. ಆದರೆ ಹಳದಿ ಪಟ್ಟಿಯ ಪಕ್ಕದಲ್ಲಿ ಈಗ ಬೇರೆಯೇ ವಿವರ ಇತ್ತು: ಹೆಂಗಸು, ಅರವತ್ತೆರಡು, ಬಚ್ಚಲಲ್ಲಿ ಬಿದ್ದಿದ್ದಾರೆ, ಮುಖ ಸೊಟ್ಟಗಾಗಿದೆ. ಅವಳು ಮೇಲಿನ ಮೂಲೆಯಲ್ಲಿದ್ದ ಸರ್ವರಿನ ವಿಳಾಸ ಓದಿದಳು. ನಕಲಿನದು ಹನ್ನೆರಡು. ಅಲ್ಲಿದ್ದದ್ದು ಇಪ್ಪತ್ತೊಂದು, ನಿಜವಾದ ಕರೆಗಳದು.

ಬೆರಳು ಒಮ್ಮೆ ತಪ್ಪಿ ಪಕ್ಕದ ಕೀಲಿಗೆ ಬಿತ್ತು. ಎರಡನೇ ಸಲ 'ಮುಂದೆ ಹೋಗು' ಕೀಲಿಯನ್ನೇ ಒತ್ತಿದಳು. ಆಚೆ ಮೇಜಿನಲ್ಲಿ ಗಂಟೆ ಟಣ್ಣೆಂದಿತು. "ಹೊರಡ್ತು! ಹೊರಡ್ತು ಸರ್, ಬಾಗಿಲು ತೆಗೆದಿಡಿ!" ಎಂದು ಅಕ್ಕ ಕೂಗಿದಳು. ಕರೆ ಬಂದು ಎಂಟು ನಿಮಿಷವಾಗಿತ್ತು. ಮೇಲ್ವಿಚಾರಕರು ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತಾ ಪ್ರೋಗ್ರಾಮರ್ ಬಳಿ ಬಂದರು. "ಏನಾಗಿತ್ತು?"

ಬಾಯಿ ತೆರೆದಳು. ನಾನು, ಎಂದು ಶುರುವಾಗಬೇಕಿತ್ತು ಮಾತು. "ಈಗ ಸರಿಹೋಯ್ತು ಸರ್," ಎಂದಳು.

"ನೀವು ಇಲ್ಲೇ ಇದ್ದದ್ದು ನಮ್ಮ ಪುಣ್ಯ," ಎಂದು ಅವರು ದಿನಚರಿಯಲ್ಲಿ 'ತಾಂತ್ರಿಕ ತೊಂದರೆ, ಕೂಡಲೇ ಸರಿಪಡಿಸಲಾಗಿದೆ' ಎಂದು ಬರೆದು ಸಹಿ ಹಾಕಿದರು. ಅವಳಿಗೊಂದು ಕಾಫಿ ತರಿಸಿದರು. ಅವಳು ಚುಕ್ಕೆ ಅಳಿಸಿ, ವಿಳಾಸವನ್ನು ನಾಲ್ಕು ಸಲ ಓದಿ, ಲ್ಯಾಪ್‌ಟಾಪ್ ಮುಚ್ಚಿ ಕೂತಳು. ಕಾಫಿ ಕೆನೆಗಟ್ಟಿತು. ಊಟದ ಹೊತ್ತಿಗೂ ಅವಳು ಏಳಲಿಲ್ಲ. ಮೇಲ್ವಿಚಾರಕರ ಬಾಗಿಲ ತನಕ ಎರಡು ಸಲ ಹೋದಳು. ಒಳಗೆ ಅವರು ಯಾರೊಡನೆಯೋ ನಗುತ್ತಿದ್ದರು. ಎರಡು ಸಲವೂ ವಾಪಸು ಬಂದಳು.

ಎರಡು ಗಂಟೆಗೆ ಒಂದು ಕರೆ ಬಂತು. ಅಕ್ಕ ಏನೋ ಬರೆಯುತ್ತಿದ್ದುದರಿಂದ ಸ್ಪೀಕರ್ ಹಾಕಿದಳು.

"ಬೆಳಗ್ಗೆ ಫೋನ್ ಮಾಡಿದ್ನಲ್ಲಮ್ಮ, ನಾನೇ. ನನ್ನ ಹೆಂಡ್ತಿ ಬಿದ್ದಿದ್ಲಲ್ಲ." ವಯಸ್ಸಾದ ದನಿ, ಆಸ್ಪತ್ರೆಯ ಗದ್ದಲದ ನಡುವೆ. "ಜೀವಕ್ಕೇನೂ ತೊಂದ್ರೆ ಇಲ್ವಂತೆ. ಬಲಗೈ ಮಾತ್ರ ಏಳ್ತಿಲ್ಲ. ಇನ್ನೊಂಚೂರು ಬೇಗ ಕರ್ಕೊಂಡು ಬಂದಿದ್ರೆ ಚೆನ್ನಾಗಿತ್ತು ಅಂದ್ರು ಡಾಕ್ಟ್ರು. ನಾನು ಅವಳನ್ನ ಬಚ್ಚಲಿಂದ ಎಳ್ಕೊಂಡು ಬಂದು, ಒದ್ದೆ ಸೀರೆ ಮೇಲೆ ಕಂಬಳಿ ಹೊದಿಸಿ, ಆಮೇಲೆ ಫೋನ್ ಹುಡುಕಿದೆ. ಅದ್ರಲ್ಲೇ ತಡ ಮಾಡ್ಬಿಟ್ನಾ ಅಂತ. ನಿಮ್ಮಲ್ಲಿ ಟೈಮ್ ಬರ್ದಿರುತ್ತಲ್ಲ, ಸ್ವಲ್ಪ ನೋಡಿ ಹೇಳ್ತೀರಾ?"

ಅಕ್ಕ ಪರದೆಯನ್ನು ನೋಡಿದಳು. ಕರೆ ಬಂದ ಹೊತ್ತು, ಗಾಡಿ ಹೊರಟ ಹೊತ್ತು, ಎರಡೂ ಅಲ್ಲೇ ಒಂದರ ಕೆಳಗೊಂದು ಇದ್ದವು. ಪ್ರೋಗ್ರಾಮರ್ ಎದ್ದು ಬಂದು ರಿಸೀವರ್ ತೆಗೆದುಕೊಂಡಳು.

"ನೀವು ತಡ ಮಾಡ್ಲಿಲ್ಲ ಸರ್."

ಆ ಕಡೆಯಿಂದ ದೊಡ್ಡದೊಂದು ಉಸಿರು ಕೇಳಿಸಿತು. "ಹೌದಾ? ಬದುಕಿದೆ ಕಣಮ್ಮ. ಅಷ್ಟೇ ಕೇಳ್ಬೇಕಿತ್ತು. ಇಡ್ತೀನಿ."

"ಇಡ್ಬೇಡಿ ಸರ್," ಎಂದಳು ಅವಳು.