ಓನುಕಿಯವರ ಎಡಗಿವಿ

ಸುತ್ತಿಗೆ ಮೂರನೆಯ ಸಲ ಬಿದ್ದಾಗಲೂ ಚಿನಾತ್ಸುವಿಗೆ ಅದೇ ಸದ್ದು ಕೇಳಿಸಿತು. ಅಲ್ಲಿಯತನಕ ಸೇತುವೆಯ ತಳ ಟಣ್ ಟಣ್ ಎಂದು ಚೊಕ್ಕವಾಗಿ ದನಿ ಕೊಟ್ಟಿತ್ತು. ಇಲ್ಲಿ ಮಾತ್ರ ಕೊಳೆತ ಕುಂಬಳಕಾಯಿಗೆ ಬಡಿದಂತೆ ದಬ್ ಎನ್ನುತ್ತಿತ್ತು. ಹಾಗೆ ಕೇಳಿಸಿದರೆ ಒಳಗೆ ಟೊಳ್ಳು ಎಂದು ಬೆಳಿಗ್ಗೆಯಷ್ಟೇ ಅವಳಿಗೆ ಹೇಳಿಕೊಟ್ಟಿದ್ದರು. ಆದರೆ ಸುತ್ತಿಗೆ ಹಿಡಿದಿದ್ದ ಓನುಕಿಯವರು ನಗರಸಭೆಯ ರಸ್ತೆ ವಿಭಾಗದಲ್ಲಿ ಮೂವತ್ತೈದು ವರ್ಷ ಸವೆಸಿದ ಸಿವಿಲ್ ಎಂಜಿನಿಯರ್. ಅವರು ಒಂಚೂರೂ ಅನುಮಾನಿಸದೆ ಹಾಳೆಯ ಮೇಲೆ "ಚೆನ್ನಾಗಿದೆ" ಎಂದು ಗುರುತು ಹಾಕಿ ಮುಂದೆ ಸರಿದರು.

ಹದಿನಾರರ ಚಿನಾತ್ಸು ಈ ಕೆಲಸ ಹೇಗಿರುತ್ತದೆಂದು ನೋಡಲು ಶಾಲೆಯಿಂದ ಮೂರು ದಿನದ ಮಟ್ಟಿಗೆ ಅವರ ಬೆನ್ನಿಗೆ ಬಿದ್ದಿದ್ದಳು. ನಿಜ ಹೇಳಬೇಕೆಂದರೆ ಅವಳು ಕೇಳಿದ್ದು ಬೇಕರಿ. ಬೇಕರಿಗೆ ಹನ್ನೊಂದು ಮಂದಿ ಕೈ ಎತ್ತಿದ್ದರಿಂದ ಮೇಷ್ಟ್ರು ಕಲ್ಲು-ಕತ್ತರಿ-ಕಾಗದ ಆಡಿಸಿದರು. ಗೆದ್ದವರಿಗೆ ಬಿಸಿ ಬನ್ನು, ಸೋತ ಇವಳಿಗೆ ಕಾಂಕ್ರೀಟು. ಹೋಗಲಿ, ಸಮುದ್ರದ ಮೇಲಿನ ಉದ್ದುದ್ದನೆಯ ಸೇತುವೆಯನ್ನಾದರೂ ತೋರಿಸುತ್ತಾರೆ ಎಂದುಕೊಂಡರೆ ಅದೂ ಇಲ್ಲ. ಹದಿನಾಲ್ಕು ಹೆಜ್ಜೆಗೆ ಮುಗಿದುಹೋಗುವ, ಪ್ರಾಥಮಿಕ ಶಾಲೆಯ ಮಕ್ಕಳು ಹಳದಿ ಟೊಪ್ಪಿ ಹಾಕಿಕೊಂಡು ದಾಟುವ ಕಾಲುವೆ ಸೇತುವೆಯ ಕೆಳಗೆ, ಮೊಣಕಾಲುದ್ದ ನೀರಿನಲ್ಲಿ, ಬೆಳಗಿನಿಂದ ಜೇಡರ ಬಲೆಗೆ ಮುಖ ಒಡ್ಡಿಕೊಂಡು ನಿಂತಿದ್ದಳು. ಬೇಸರ ತಡೆಯಲಾರದೆ ಒಮ್ಮೆ ಅವರ ಬಲಗಡೆ ನಿಂತು, ಇದಕ್ಕಿಂತ ಮರಕುಟಿಗ ಹಕ್ಕಿಯಾಗಿ ಹುಟ್ಟುವುದು ವಾಸಿ ಎಂದು ಗೊಣಗಿದ್ದಳು. ಓನುಕಿಯವರು ನಗುತ್ತಾ ತಲೆಯಾಡಿಸಿ, ಆಗಲಿ, ಮಧ್ಯಾಹ್ನ ಉದೋನ್ ಶಾವಿಗೆಯನ್ನೇ ತಿನ್ನೋಣ ಎಂದಿದ್ದರು.

ಹಿರಿಯರ ತಪ್ಪು ಎತ್ತಿ ತೋರಿಸುವುದು ಹೇಗೆಂದು ತಿಳಿಯದೆ, ತಾನೂ ಒಮ್ಮೆ ಬಡಿದು ನೋಡಲೇ ಎಂದು ಅವಳು ಸುತ್ತಿಗೆ ಕೇಳಿ ಪಡೆದಳು. ಆ ಜಾಗಕ್ಕೆ ಮೆಲ್ಲಗೆ ಬಡಿದಳು. ಮತ್ತೆ ದಬ್. ಓನುಕಿಯವರ ಮುಖದಲ್ಲಿ ಏನೂ ಇಲ್ಲ. ಸಿಟ್ಟಿಗೋ ಹಟಕ್ಕೋ ಇನ್ನೊಂದು ಏಟು ಜೋರಾಗಿಯೇ ಹಾಕಿದಳು. ಅಂಗೈ ಅಗಲದ ಚಕ್ಕೆ ಕಳಚಿ ನೀರಿಗೆ ಬಿದ್ದು ಇಬ್ಬರ ಮುಖಕ್ಕೂ ಕೆಸರು ಎರಚಿತು. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಪದರುಪದರಾಗಿ ಎದ್ದಿತ್ತು.

ಓನುಕಿಯವರು ಸರಳನ್ನು ನೋಡಿದರು, ಆಮೇಲೆ ಅವಳನ್ನು.

"ಮೊದಲನೇ ಏಟಿಗೇ ಗೊತ್ತಾಯ್ತಾ ನಿಂಗೆ?"

"ಹೂಂ."

"ನಂಗೆ ಎಲ್ಲಾ ಏಟೂ ಒಂದೇ ಥರ ಕೇಳಿಸ್ತು ಕಣಮ್ಮಾ."

ಫೋನ್ ಮಾಡಿ ತಡೆಗೋಲು ತರಿಸುವತನಕ ಇಬ್ಬರೂ ಸೇತುವೆಯ ಎರಡು ತುದಿ ಕಾದರು. ಈರುಳ್ಳಿ ಹೂವಿನ ಕಂತೆ ಹೊತ್ತ ಅಜ್ಜಿಯೊಬ್ಬಳು, ಇಷ್ಟು ಚಿಕ್ಕ ಸೇತುವೆಗೆ ಇಷ್ಟು ದೊಡ್ಡ ನಾಟಕವೇ ಎಂದು ಬೈದುಕೊಂಡು ಸುತ್ತು ಹಾದಿ ಹಿಡಿದಳು. ಆಮೇಲೆ ಕಾಲುವೆಯ ದಂಡೆಯ ಮೇಲೆ ಕುಳಿತು, ಬೂಟಿನ ನೀರು ಸುರಿಯುತ್ತಾ, ಅವಳು ಏನೂ ಕೇಳದಿದ್ದರೂ ಓನುಕಿಯವರು ತಾವಾಗಿಯೇ ಹೇಳತೊಡಗಿದರು. ಬಲಗಿವಿ ಹೋಗಿ ಎರಡು ವರ್ಷವಾಯಿತಂತೆ, ಎಡಗಿವಿ ಅರ್ಧ ಉಳಿದಿದೆಯಂತೆ. ಬಾಯಿ ಬಿಟ್ಟರೆ ಉದ್ಯಾನ ವಿಭಾಗಕ್ಕೆ ತಳ್ಳುತ್ತಾರೆ, ನಿವೃತ್ತಿಯಾಗುವ ಮಾರ್ಚ್‌ವರೆಗೆ ಗುಲಾಬಿ ಗಿಡ ಎಣಿಸಿಕೊಂಡು ಕೂರಬೇಕಾಗುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ. ಈ ಎರಡು ವರ್ಷದಲ್ಲಿ ಬಡಿದು ನೋಡಿದ್ದು ಮೂವತ್ತೇಳು ಸೇತುವೆ. ಮೂವತ್ತೇಳೂ "ಚೆನ್ನಾಗಿದೆ".

ಚಿನಾತ್ಸುವಿನ ಅಮ್ಮ ದಿನಾ ಸೈಕಲ್ ತುಳಿದುಕೊಂಡು ಹೋಗುವುದೂ ಅಂಥದೇ ಒಂದು ಸೇತುವೆಯ ಮೇಲೆ.

"ನೀನು ಶಾಲೆಗೆ ಬರೆಯೋ ವರದೀಲಿ ನನ್ನ ಕಿವೀನೂ ಬರುತ್ತಾ?" ಓನುಕಿಯವರು ಬೂಟನ್ನೇ ನೋಡುತ್ತಾ ಕೇಳಿದರು.

ಅವಳು ಎದ್ದು ಅವರ ಎಡಗಡೆಗೆ ಬಂದು ಕುಳಿತಳು. "ಇಲ್ಲ ಓನುಕಿ ಸಾನ್. ಅದನ್ನ ನೀವೇ ಹೇಳಿಬಿಡಿ."

"ಹೇಳದೇ ಇದ್ರೆ?"

"ಬರೀತೀನಿ. ನನ್ನ ಅಕ್ಷರ ದುಂಡಗಿದೆ, ಎಲ್ಲರಿಗೂ ಓದಕ್ಕಾಗುತ್ತೆ."

ಓನುಕಿಯವರು ಅಂದು ಮೊದಲ ಬಾರಿಗೆ ಮನಸಾರೆ ನಕ್ಕರು. ನಕ್ಕು, ಬೂಟನ್ನು ಕೈಗೆತ್ತಿಕೊಂಡು ಎದ್ದರು.

ಸಂಜೆ ನಾಲ್ಕಕ್ಕೆ ಕಚೇರಿಯಲ್ಲಿ, ಓನುಕಿಯವರು ಒದ್ದೆ ಕಾಲುಚೀಲದಲ್ಲೇ ವಿಭಾಗದ ಮುಖ್ಯಸ್ಥ ಕಾಶಿವಾದೆಯ ಮೇಜಿನ ಮುಂದೆ ನಿಂತು ನಡು ಬಗ್ಗಿಸಿ ವಂದಿಸಿದರು. ಕಾಶಿವಾದೆ ಅವರಿಗಿಂತ ಹನ್ನೆರಡು ವರ್ಷ ಚಿಕ್ಕವನು, ಗಾಳಿಗೂ ಕದಲದ ಕ್ರಾಪಿನವನು. ಕಿವಿಯದನ್ನೂ ಎರಡು ವರ್ಷದ್ದನ್ನೂ ಒಂದೂ ಬಿಡದೆ ಹೇಳಿದ ಓನುಕಿಯವರು, ಮೂವತ್ತೇಳನ್ನೂ ಕಿವಿ ಕೇಳುವವರು ಯಾರಾದರೂ ಮತ್ತೆ ಬಡಿದು ನೋಡಬೇಕು ಎಂದರು. ಕಾಶಿವಾದೆ ಸುತ್ತ ಕಣ್ಣು ಹಾಯಿಸಿದ. ಎಲ್ಲರೂ ತಲೆ ತಗ್ಗಿಸಿ ಟೈಪು ಮಾಡುತ್ತಿದ್ದರು. ಅವನು ಎದ್ದು ಬಂದು, ಓನುಕಿಯವರ ಕಿವಿಗೆ ಬಾಗಿ ಏನೋ ಪಿಸುಗುಟ್ಟಿದ. ಬಲಗಿವಿಗೆ.

"ಅದು ಸತ್ತ ಕಿವಿ," ಎಂದರು ಓನುಕಿಯವರು. "ಜೋರಾಗಿ ಹೇಳಿ."

ಕಾಶಿವಾದೆ ಕೊಂಚ ದನಿ ಏರಿಸಿದ. ಓನುಕಿಯವರು ತಲೆ ಅಲ್ಲಾಡಿಸಿ ಅಂಗೈಯನ್ನು ಕಿವಿಗೆ ಆನಿಸಿಕೊಂಡರು. ಅವನ ಕತ್ತು ಕೆಂಪಾಯಿತು. ಮೂರನೆಯ ಸಲ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಅವರಿಗೆ ನಿಜವಾಗಿಯೂ ಕೇಳಿಸಲಿಲ್ಲವೋ ಅಥವಾ ಬೇಕೆಂದೇ ಹಾಗೆ ಮಾಡುತ್ತಿದ್ದರೋ, ಹಿಂದೆ ನಿಂತಿದ್ದ ಚಿನಾತ್ಸುವಿಗೆ ಗೊತ್ತಾಗಲಿಲ್ಲ. ಅವಳಿಗಂತೂ ಪ್ರತಿಯೊಂದು ಅಕ್ಷರ ಕೇಳಿಸಿತ್ತು. ಅವಳು ಅವರ ಎಡಗಡೆಗೆ ಬಂದು, ತುಂಬಾ ವಿನಯದಿಂದ, ಎದೆ ತುಂಬ ಉಸಿರೆಳೆದುಕೊಂಡು ಹೇಳಿದಳು:

"ನೀವು ನಿವೃತ್ತಿ ಆಗೋ ತನಕ ಯಾರಿಗೂ ಹೇಳೋದು ಬೇಡ ಅಂತಿದ್ದಾರೆ, ಓನುಕಿ ಸಾನ್."

ಮೂವತ್ತು ಮೇಜುಗಳ ಟೈಪಿನ ಸದ್ದು ಒಟ್ಟಿಗೆ ನಿಂತಿತು.

"ಈಗ ಕೇಳಿಸ್ತು," ಎಂದರು ಓನುಕಿಯವರು.